ತೂಕ ಇಳಿಸಿದ ಮೇಲೆ ‘ತಿಂಗಳಿಗೆ ಐದು ಕೆಜಿ ಮಸಲ್’ ಎನ್ನುವವರ ಪೊಟ್ಟಣ ಮುಟ್ಟಬೇಡಿ

ನಲವತ್ತು ಕೆಜಿ ಇಳಿಸಿದವರಿಗೆ ಶಭಾಷ್ ಎನ್ನುವವರಿಗಿಂತ “ಏನ್ರೀ ಇಷ್ಟು ಸೊರಗಿದೀರ, ಶುಗರ್ ಬಂತಾ?” ಎಂದು ಕೇಳುವವರೇ ಹೆಚ್ಚು. ಕೆನ್ನೆ ಒಳಗೆ ಹೋಗಿರುತ್ತದೆ, ತೋಳಿನ ಚರ್ಮ ಜೋಲುತ್ತಿರುತ್ತದೆ, ಹೊಟ್ಟೆ ಪೂರ್ತಿ ಹೋಗಿರುವುದಿಲ್ಲ. ಡಬ್ಬಿ ಮಾರುವ ಜಿಮ್‌ಗಳಿಗೆ ಇಂಥವರೇ ಸಲೀಸಾದ ಗಿರಾಕಿ. 2025ರಲ್ಲಿ ಮೌಂಜಾರೊ, ವೆಗೋವಿ ಎಂಬ ತೂಕ ಇಳಿಸುವ ಚುಚ್ಚುಮದ್ದುಗಳು ನಮ್ಮ ದೇಶದ ಮಾರುಕಟ್ಟೆಗೆ ಬಂದ ಮೇಲೆ ಅವುಗಳಿಂದ ಇಳಿದವರೂ ಈ ಸಾಲಿಗೆ ಸೇರಿದ್ದಾರೆ.

ಇಲ್ಲಿ ಹೇಳುತ್ತಿರುವುದು ದಾವಣಗೆರೆ ಕಡೆಯ ಒಬ್ಬರಿಗೆ ಆದದ್ದು. ವಯಸ್ಸು 38, ಕೂತು ಮಾಡುವ ಕೆಲಸ. ಅನ್ನ, ಮುದ್ದೆ ಅರ್ಧಕ್ಕಿಳಿಸಿ, ದಿನಾ ಬೆಳಿಗ್ಗೆ ಸಂಜೆ ನಡೆದು, ಒಂದು ವರ್ಷದ ಮೇಲೆ ಸ್ವಲ್ಪ ದಿನದಲ್ಲಿ 121 ಕೆಜಿಯಿಂದ 79ಕ್ಕೆ ಬಂದಿದ್ದರು. ಭಾರ ಎತ್ತುವ ವ್ಯಾಯಾಮ ಒಂದೂ ಇರಲಿಲ್ಲ. ಪ್ರೋಟೀನ್ ದಿನಕ್ಕೆ 45 ಗ್ರಾಂ ದಾಟುತ್ತಿರಲಿಲ್ಲ. ಹಾಗೆ ಇಳಿದಾಗ ಹೋಗುವುದೆಲ್ಲ ಕೊಬ್ಬಲ್ಲ, ಸುಮಾರು ಕಾಲು ಭಾಗ ಸ್ನಾಯು, ಅದರೊಳಗಿನ ನೀರು ಇತ್ಯಾದಿ. ಅಂದರೆ 42 ಕೆಜಿಯಲ್ಲಿ ಹತ್ತು ಕೆಜಿಯಷ್ಟು. ತೊಡೆಗೆ ಇದರ ಪೆಟ್ಟು ಜಾಸ್ತಿ. 121 ಕೆಜಿ ಹೊತ್ತು ಮೆಟ್ಟಿಲು ಹತ್ತುತ್ತಿದ್ದ ಕಾಲಿಗೆ ದಿನವಿಡೀ ಕಸರತ್ತೇ ಆಗಿತ್ತು, ಆ ಹೊರೆ ಇಳಿದ ಮೇಲೆ ಅಷ್ಟು ಸ್ನಾಯುವನ್ನು ಇಟ್ಟುಕೊಳ್ಳಲು ದೇಹಕ್ಕೆ ಕಾರಣವೇ ಇಲ್ಲ.

ಜಿಮ್ ಸೇರಿದ ಮೊದಲ ವಾರವೇ ಟ್ರೈನರ್ ಹೇಳಿದ್ದು: “ಸಾರ್, ಎರಡು ತಿಂಗಳು ನಾನು ಹೇಳಿದ್ದು ತಗೊಳ್ಳಿ, ಹತ್ತು ಕೆಜಿ ಮಸಲ್ ಗ್ಯಾರಂಟಿ.” ಕೊಟ್ಟದ್ದು ಎರಡು. ಒಂದು ಮಾಸ್ ಗೇನರ್ ಎಂಬ ತೂಕ ಏರಿಸುವ ಪುಡಿಯ ಡಬ್ಬಿ. ಇನ್ನೊಂದು, ಸ್ಟ್ರಿಪ್‌ನಿಂದ ಬಿಡಿಸಿ ಕಾಗದದ ಪೊಟ್ಟಣಕ್ಕೆ ಹಾಕಿದ ಮಾತ್ರೆಗಳು. ಚಿಕ್ಕವು ಬೆಳಿಗ್ಗೆ ಎರಡು ರಾತ್ರಿ ಎರಡು, ಸ್ವಲ್ಪ ದೊಡ್ಡದು ರಾತ್ರಿ ಒಂದು. “ಹಸಿವು ಆಗೋಕೆ, ತಿಂದಿದ್ದು ಮೈಗೆ ಹತ್ತೋಕೆ.”

ಹತ್ತು ವಾರದಲ್ಲಿ ತೂಕ 79ರಿಂದ 88ಕ್ಕೆ ಏರಿತು. ಜಿಮ್‌ನ ಬಾಡಿ ಕಾಂಪೊಸಿಷನ್ ಮಷೀನು “ಮಸಲ್ 4 ಕೆಜಿ ಜಾಸ್ತಿ” ಎಂದು ಚೀಟಿ ಕೊಟ್ಟಿತು. ಮನೆಯಲ್ಲಿ ದರ್ಜಿ ಟೇಪ್ ಹಿಡಿದರೆ ಬೇರೆಯೇ ಲೆಕ್ಕ: ಸೊಂಟ 88 ಸೆಂ.ಮೀ. ಇದ್ದದ್ದು 99, ತೊಡೆ 2 ಸೆಂ.ಮೀ. ಕಡಿಮೆ. ಮುಖ ದುಂಡಗಾಗಿತ್ತು. ನೆಲದ ಕಕ್ಕಸಿನಲ್ಲಿ ಕೂತರೆ ನಲ್ಲಿ ಹಿಡಿಯದೆ ಏಳಲಾಗುತ್ತಿರಲಿಲ್ಲ. ಊಟವಾದ ಎರಡು ಗಂಟೆಗೆ ನೋಡಿದ ಶುಗರ್ 212. ಬೆಳಿಗ್ಗೆ ಎಂಟಕ್ಕೆ ತೆಗೆದ ರಕ್ತದಲ್ಲಿ ಕಾರ್ಟಿಸಾಲ್ (ದೇಹವೇ ತಯಾರಿಸುವ ಸ್ಟೆರಾಯ್ಡ್ ಹಾರ್ಮೋನು) ತೀರಾ ಕಡಿಮೆ. ವೈದ್ಯರು ಪಟ್ಟು ಹಿಡಿದು ಜಿಮ್‌ನಿಂದ ತರಿಸಿ ನೋಡಿದ ಸ್ಟ್ರಿಪ್‌ಗಳ ಮೇಲೆ ಇದ್ದದ್ದು ಡೆಕ್ಸಾಮೆಥಾಸೋನ್ 0.5 ಮಿ.ಗ್ರಾಂ ಮತ್ತು ಸೈಪ್ರೋಹೆಪ್ಟಡಿನ್ 4 ಮಿ.ಗ್ರಾಂ.

ಎರಡನೆಯದು ಅಲರ್ಜಿ ಮಾತ್ರೆ. ಹಸಿವು ಕೆರಳಿಸುತ್ತದೆ, ನಿದ್ದೆ ಬರಿಸುತ್ತದೆ, ಬಾಯಿ ಒಣಗಿಸುತ್ತದೆ. ದೊಡ್ಡ ಅಪಾಯ ಮೊದಲನೆಯದು. ಜಿಮ್‌ನಲ್ಲಿ ಸ್ಟೆರಾಯ್ಡ್ ಎಂದರೆ ಸಾಮಾನ್ಯವಾಗಿ ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನಿನ ಜಾತಿಯದ್ದು. ಅದು ಸ್ನಾಯು ಬೆಳೆಸುತ್ತದೆ, ಬದಲಿಗೆ ದೇಹ ತಾನೇ ತಯಾರಿಸುವ ಹಾರ್ಮೋನು ನಿಲ್ಲಿಸುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಇಳಿಸುತ್ತದೆ, ಮಾತ್ರೆ ರೂಪದ್ದಾದರೆ ಲಿವರ್‌ಗೂ ಹೊಡೆತ. ಡೆಕ್ಸಾಮೆಥಾಸೋನ್ ಕೂಡ ಸ್ಟೆರಾಯ್ಡೇ, ಆದರೆ ಆ ಜಾತಿಯದ್ದಲ್ಲ, ಕಾರ್ಟಿಸಾಲ್ ಜಾತಿಯದ್ದು. ಉಬ್ಬಸ, ಊತ, ತೀವ್ರ ಅಲರ್ಜಿಗೆ ವೈದ್ಯರು ಕೊಡುವ ಔಷಧ, ಸರಿಯಾದ ಜಾಗದಲ್ಲಿ ಜೀವ ಉಳಿಸುವಂಥದ್ದು. ಆದರೆ ಸ್ನಾಯುವಿನ ವಿಷಯದಲ್ಲಿ ಅದು ಮಾಡುವುದು ತದ್ವಿರುದ್ಧ: ಸ್ನಾಯುವಿನ ಪ್ರೋಟೀನ್ ಒಡೆಯುತ್ತದೆ, ಅದರಲ್ಲೂ ಸೊಂಟ ಮತ್ತು ತೊಡೆಯದ್ದು. ಕೊಬ್ಬನ್ನು ಮುಖ, ಹೆಗಲು, ಹೊಟ್ಟೆಗೆ ತುಂಬುತ್ತದೆ. ದಿನಕ್ಕೆ 2 ಮಿ.ಗ್ರಾಂ ಎಂದರೆ ಇದೇ ಜಾತಿಯ ಇನ್ನೊಂದು ಔಷಧವಾದ ಪ್ರೆಡ್ನಿಸೋಲೋನ್‌ನ ಸುಮಾರು 13 ಮಿ.ಗ್ರಾಂಗೆ ಸಮ. ಮಸಲ್ ಬೇಕೆಂದು ಹೋದವರಿಗೆ ಮಸಲ್ ತಿನ್ನುವ ಮಾತ್ರೆಯನ್ನೇ ಕೊಟ್ಟಂತಾಯಿತು. ಮಾರಿದವನಿಗೂ ಇದು ಗೊತ್ತಿರಲಿಕ್ಕಿಲ್ಲ. ಅವನು ನೋಡಿದ್ದು ತೂಕದ ಮುಳ್ಳು ಮಾತ್ರ.

ಇದನ್ನು ಬೇಗ ಪತ್ತೆ ಹಚ್ಚಲು ಕಷ್ಟ, ಏಕೆಂದರೆ ಮೊದಲ ಎರಡು ವಾರ ಎಲ್ಲ ಚೆನ್ನಾಗಿಯೇ ಇರುತ್ತದೆ. ಹಸಿವು ಜೋರು, ಮೈಯಲ್ಲಿ ಹುರುಪು. ಹಳೆ ಮೊಣಕಾಲು ನೋವು ಮಾಯ, ವರ್ಷಗಟ್ಟಲೆ ಇದ್ದ ಸೀನು, ತುರಿಕೆ ಮಾಯ. ಜಿಮ್ ಪುಡಿಯೋ ಮಾತ್ರೆಯೋ ತೆಗೆದುಕೊಂಡ ಮೇಲೆ ಕೀಲುನೋವು ಹೋಯಿತು ಎಂದರೆ ಖುಷಿಪಡಬೇಡಿ, ಸಂಶಯಪಡಿ. ಪ್ರೋಟೀನ್‌ಗೆ ಆ ಗುಣ ಇಲ್ಲ. ಇನ್ನೊಂದು ಗುರುತು ಹೊಟ್ಟೆಯ ಮೇಲಿನ ಗೆರೆಗಳು. ದಪ್ಪಗಿದ್ದವರಿಗೆ ಹಳೆಯ ಬಿಳಿ ಗೆರೆಗಳು ಇದ್ದೇ ಇರುತ್ತವೆ, ಹಾಗಾಗಿ ಹೊಸತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೆಳಕಿಗೆ ನಿಂತು ನೋಡಿ: ಬೆರಳಗಲದ, ನೇರಳೆ ಬಣ್ಣದ ಗೆರೆ ಹೊಸದಾಗಿ ಮೂಡಿದ್ದರೆ ಅದು ಹಳೆ ಬೊಜ್ಜಿನದ್ದಲ್ಲ. ಸಣ್ಣಗೆ ತಗುಲಿದರೂ ಚರ್ಮ ಕಂದುಗಟ್ಟುವುದು, ಕುರ್ಚಿಯಿಂದ ಕೈ ಊರದೆ ಏಳಲು ಆಗದಿರುವುದು ಇದೇ ಪಟ್ಟಿಯವು.

ಗಾಬರಿಯಲ್ಲಿ ಮಾತ್ರೆಯನ್ನು ಒಂದೇ ಏಟಿಗೆ ಬಿಡಬೇಡಿ. ಮೂರು ವಾರಕ್ಕಿಂತ ಹೆಚ್ಚು ತೆಗೆದುಕೊಂಡಿದ್ದರೆ ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ತಯಾರಿಸುವುದನ್ನು ನಿಲ್ಲಿಸಿರಬಹುದು. ತಟ್ಟನೆ ಬಿಟ್ಟರೆ ವಿಪರೀತ ಸುಸ್ತು, ವಾಂತಿ, ಎದ್ದು ನಿಂತರೆ ತಲೆಸುತ್ತು, ಬಿ.ಪಿ. ಕುಸಿತ, ಆಸ್ಪತ್ರೆಗೆ ಹೊತ್ತೊಯ್ಯುವ ಸ್ಥಿತಿ ಬರಬಹುದು. ಫಿಜಿಷಿಯನ್ ಅಥವಾ ಎಂಡೊಕ್ರೈನಾಲಜಿಸ್ಟ್ (ಹಾರ್ಮೋನು ತಜ್ಞ) ಬಳಿ ಹೋಗಿ, ಏನು ತೆಗೆದುಕೊಂಡಿರಿ ಎಂಬುದನ್ನು ಮುಚ್ಚುಮರೆ ಇಲ್ಲದೆ ಹೇಳಿ, ಅವರು ಹಂತಹಂತವಾಗಿ ಇಳಿಸುತ್ತಾರೆ. ಮುಖ ದುಂಡಗಿದ್ದು ಬೆಳಗಿನ ಕಾರ್ಟಿಸಾಲ್ ಕಡಿಮೆ ಬಂದರೆ ಹೊರಗಿನಿಂದ ಸ್ಟೆರಾಯ್ಡ್ ಬಂದಿದೆ ಎಂದು ಅವರಿಗೆ ತಕ್ಷಣ ಅಂದಾಜು ಸಿಗುತ್ತದೆ. ಡಬ್ಬಿ, ಪೊಟ್ಟಣ ಎಸೆಯಬೇಡಿ.

ಮಾಸ್ ಗೇನರ್ ಡಬ್ಬಿಯದ್ದು ಇಷ್ಟು ಭಯಂಕರ ಕಥೆಯಲ್ಲ, ಆದರೂ ಇಳಿದವರಿಗೆ ಅದು ಬೇಡ. ಬಹಳಷ್ಟು ಡಬ್ಬಿಗಳಲ್ಲಿ 100 ಗ್ರಾಂ ಪುಡಿಗೆ ಪ್ರೋಟೀನ್ 15ರಿಂದ 20 ಗ್ರಾಂ, ಉಳಿದದ್ದೆಲ್ಲ ಹೆಚ್ಚುಕಡಿಮೆ ಮಾಲ್ಟೊಡೆಕ್ಸ್ಟ್ರಿನ್, ಅಂದರೆ ಸಕ್ಕರೆಯಷ್ಟೇ ಬೇಗ ರಕ್ತಕ್ಕೆ ಸೇರುವ ಪಿಷ್ಟ. 150 ಗ್ರಾಂ ಪುಡಿ ಹಾಲಿಗೆ ಕಲಸಿ ಕುಡಿದರೆ 800 ಕ್ಯಾಲರಿಯ ಆಸುಪಾಸು. ನಿಮಗೆ ಬೇಕಿರುವುದು ದಿನಕ್ಕೆ ಹೆಚ್ಚೆಂದರೆ 200ರಿಂದ 300 ಹೆಚ್ಚುವರಿ. ಒಂದು ಚಪಾತಿ, ಮೂವತ್ತು ಗ್ರಾಂ ಹುರಿದ ಕಡಲೆಕಾಯಿ ಬೀಜ, ಅಲ್ಲಿಗೆ ಮುಗಿಯಿತು. ಹತ್ತಾರು ಕೆಜಿ ಇಳಿದ ದೇಹ ಅದೇ ತೂಕದ ಬೇರೆಯವರಿಗಿಂತ ಕಡಿಮೆ ಕ್ಯಾಲರಿ ಖರ್ಚು ಮಾಡುತ್ತದೆ, ಹಸಿವು ಮಾತ್ರ ಜಾಸ್ತಿ. ಹಾಗಾಗಿ ಕ್ಯಾಲರಿ ಆ್ಯಪ್ ತೋರಿಸುವ ಲೆಕ್ಕವನ್ನು ಕಣ್ಣು ಮುಚ್ಚಿ ನಂಬಿದರೂ ಹೊಟ್ಟೆ ವಾಪಸ್ ಬರುತ್ತದೆ.

ಆ ಚೀಟಿ ಕೊಟ್ಟ ಮಷೀನಿನ ವಿಷಯ. ಅದು ಮೈಯೊಳಗೆ ಸಣ್ಣ ಕರೆಂಟ್ ಹಾಯಿಸಿ, ನೀರಿರುವ ಭಾಗವನ್ನು ‘ಕೊಬ್ಬಲ್ಲದ್ದು’ ಎಂದು ಎಣಿಸುತ್ತದೆ. ಅನ್ನ ಬಿಟ್ಟಿದ್ದವರು ಮತ್ತೆ ಅನ್ನ ಶುರು ಮಾಡಿದರೆ ಸ್ನಾಯುವಿನಲ್ಲಿ ಗ್ಲೈಕೋಜನ್ (ಕೂಡಿಟ್ಟ ಸಕ್ಕರೆ) ತುಂಬುತ್ತದೆ, ಪ್ರತಿ ಗ್ರಾಂಗೆ ಸುಮಾರು 3 ಗ್ರಾಂ ನೀರು ಜೊತೆಗೆ ಬರುತ್ತದೆ. ಮೊದಲ ವಾರ ಒಂದೆರಡು ಕೆಜಿ ಏರುವುದು ಇದರಿಂದಲೇ. ಕ್ರಿಯಾಟಿನ್ ಎಂಬ ಜಿಮ್ ಪುಡಿ ತೆಗೆದುಕೊಂಡರೂ ಹಾಗೆಯೇ. ಆ ನೀರಿನಿಂದ ತೊಂದರೆ ಇಲ್ಲ, ಅದನ್ನು ಮಸಲ್ ಎಂದು ತೋರಿಸಿ ಡಬ್ಬಿ ಮಾರುವವರಿಂದ ತೊಂದರೆ. ಹೊಸದಾಗಿ ಶುರು ಮಾಡಿದ ಗಂಡಸಿಗೆ ಎಲ್ಲವೂ ಸರಿಯಿದ್ದರೆ ತಿಂಗಳಿಗೆ ಅರ್ಧದಿಂದ ಒಂದು ಕೆಜಿ ಸ್ನಾಯು, ಹೆಂಗಸರಿಗೆ ಅದರ ಅರ್ಧದಷ್ಟು. ಇದಕ್ಕಿಂತ ಬಹಳ ಬೇಗ ಏರಿದರೆ ಅದು ನೀರು, ಕೊಬ್ಬು, ಇಲ್ಲವೇ ಔಷಧದ ಕೆಲಸ.

ಹಾಗಾದರೆ ಮಾಡಬೇಕಾದ್ದೇನು? ಮೊದಲು ತೂಕವನ್ನು ಎರಡು ಮೂರು ವಾರ ಒಂದೇ ಕಡೆ ನಿಲ್ಲಿಸಿ. ದಿನದ ಊಟವನ್ನು ವಾರಕ್ಕೊಮ್ಮೆ 100–150 ಕ್ಯಾಲರಿಯಷ್ಟು ಏರಿಸುತ್ತಾ ಬನ್ನಿ, ಮೊದಲ ವಾರದ ನೀರಿನ ಏರಿಕೆ ಬಿಟ್ಟು ನೋಡಿ. ಸೊಂಟ ಇನ್ನೂ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಿದ್ದರೆ ಅಲ್ಲೇ ನಿಲ್ಲಿ, ಹೆಚ್ಚುವರಿ ಕ್ಯಾಲರಿ ಬೇಡ. ಹೊಸಬರಿಗೆ ಅದೇ ತೂಕದಲ್ಲಿ ಕೊಬ್ಬು ಇಳಿದು ಸ್ನಾಯು ಏರಲು ಅವಕಾಶ ಚೆನ್ನಾಗಿಯೇ ಇರುತ್ತದೆ. ಬಿ.ಪಿ., ಶುಗರ್ ಮಾತ್ರೆ ನುಂಗುವವರು ಶುರು ಮಾಡುವ ಮುಂಚೆ ಡೋಸ್ ಮರುಪರಿಶೀಲನೆ ಮಾಡಿಸಿ. 121 ಕೆಜಿಗೆ ಬರೆದ ಡೋಸ್ 79 ಕೆಜಿಗೆ ಜಾಸ್ತಿಯಾಗಿ, ಬಸ್ಕಿ ಹೊಡೆದು ಏಳುವಾಗ ಕಣ್ಣು ಕತ್ತಲೆ ಬರುವುದುಂಟು. ಹಿಮೋಗ್ಲೋಬಿನ್, ಬಿ12, ವಿಟಮಿನ್ ಡಿ, ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ) ಒಮ್ಮೆ ನೋಡಿಸಿ. ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ಇಳಿದವರು ಇದನ್ನು ತಪ್ಪಿಸುವಂತೆಯೇ ಇಲ್ಲ.

ಪ್ರೋಟೀನ್ ಲೆಕ್ಕ: ನಿಲ್ಲಬೇಕೆಂದಿರುವ ತೂಕದ ಪ್ರತಿ ಕೆಜಿಗೆ 1.6 ಗ್ರಾಂ. 75 ಕೆಜಿಗೆ 120 ಗ್ರಾಂ. ಕಿಡ್ನಿ ತೊಂದರೆ ಇದ್ದವರಿಗೆ ಈ ಲೆಕ್ಕ ಅಲ್ಲ, ಅವರು ವೈದ್ಯರನ್ನೇ ಕೇಳಬೇಕು. “ನಮ್ಮ ಊಟದಲ್ಲಿ ಅಷ್ಟು ಎಲ್ಲಿ ಬರುತ್ತೆ?” ಎಂಬ ಮಾತಿನ ಮೇಲೇ ಡಬ್ಬಿ ವ್ಯಾಪಾರ ನಿಂತಿದೆ. ಸಸ್ಯಾಹಾರದಲ್ಲೇ ಒಂದು ದಿನ ಹೀಗೆ ಕೂಡಿಸಬಹುದು. ಬೆಳಿಗ್ಗೆ 60 ಗ್ರಾಂ ಹೆಸರುಬೇಳೆಯ ದೋಸೆ (14), ಕಾಲು ಲೀಟರ್ ಹಾಲು (8). ಮಧ್ಯಾಹ್ನ ಒಣ ತೂಕ 40 ಗ್ರಾಂ ಸೋಯಾ ಚಂಕ್ಸ್ ಪಲ್ಯ (20), ಎರಡು ಚಪಾತಿ (6), 40 ಗ್ರಾಂ ತೊಗರಿಬೇಳೆ ಹಾಕಿದ ಗಟ್ಟಿ ಸಾರು (9), 200 ಗ್ರಾಂ ಮೊಸರು (7). ಸಂಜೆ ಒಂದು ಸ್ಕೂಪ್ ವೇ ಪ್ರೋಟೀನ್, ಅಂದರೆ ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ (24). ಮೊಟ್ಟೆ ತಿನ್ನುವವರಿಗೆ ಅದರ ಬದಲು ನಾಲ್ಕು ಮೊಟ್ಟೆ. ರಾತ್ರಿ 100 ಗ್ರಾಂ ಪನೀರ್ (18), ಒಂದು ಮುದ್ದೆ (6), 30 ಗ್ರಾಂ ಹುರುಳಿಕಾಳಿನ ಸಾರು (7). ಒಟ್ಟು 119. ಎಲ್ಲರೂ ಎಡವುವುದು ಸಾರಿನಲ್ಲಿ: ತೆಳ್ಳಗೆ ಬಡಿಸಿದ ಒಂದು ಸೌಟು ತಿಳಿಸಾರಿನಲ್ಲಿ ಎರಡು ಗ್ರಾಂ ಸಿಕ್ಕರೆ ಹೆಚ್ಚು, ಬೇಳೆ ತಳದಲ್ಲೇ ಉಳಿದಿರುತ್ತದೆ. ಕೋಳಿ ತಿನ್ನುವವರಿಗೆ 150 ಗ್ರಾಂ ಹಸಿ ಎದೆಮಾಂಸಕ್ಕೆ 33 ಗ್ರಾಂ. ಚುಚ್ಚುಮದ್ದಿನಲ್ಲಿ ಇರುವವರಿಗೆ ಹಸಿವೇ ಇರುವುದಿಲ್ಲವಾದ್ದರಿಂದ ತಟ್ಟೆಯಲ್ಲಿ ಪ್ರೋಟೀನ್ ಇರುವುದನ್ನು ಮೊದಲು ತಿಂದು ಅನ್ನ ಕೊನೆಗಿಡಿ.

ವ್ಯಾಯಾಮ ವಾರಕ್ಕೆ ಮೂರು ದಿನ, ಪ್ರತಿ ಸಲ ಇಡೀ ಮೈಗೆ. ಎದೆಯೆತ್ತರಕ್ಕೆ ಡಂಬೆಲ್ ಹಿಡಿದು ಸ್ಕ್ವಾಟ್, ರೊಮೇನಿಯನ್ ಡೆಡ್‌ಲಿಫ್ಟ್ (ಬೆನ್ನು ನೇರವಿಟ್ಟು ಸೊಂಟದಿಂದ ಬಾಗಿ ಭಾರ ಎತ್ತುವುದು), ಬೆಂಚ್ ಮೇಲೆ ಕೈಯೂರಿ ದಂಡ, ಡಂಬೆಲ್ ರೋ (ಬಾಗಿ ಡಂಬೆಲನ್ನು ಪಕ್ಕೆಯತ್ತ ಎಳೆಯುವುದು), ಓವರ್‌ಹೆಡ್ ಪ್ರೆಸ್ (ಹೆಗಲಿಂದ ತಲೆಯ ಮೇಲಕ್ಕೆ ಎತ್ತುವುದು). ಮೊದಲ ಎರಡು ವಾರ ಎರಡೆರಡು ಸೆಟ್, ಆಮೇಲೆ ಮೂರು. ಒಂದು ಸೆಟ್‌ಗೆ 8ರಿಂದ 12 ಸಲ, ಇನ್ನೆರಡು ಮಾಡಬಹುದು ಎನ್ನುವಾಗಲೇ ನಿಲ್ಲಿಸಿ, ನಡುವೆ ಎರಡು ನಿಮಿಷ ವಿಶ್ರಾಂತಿ. ಮೂರೂ ಸೆಟ್‌ನಲ್ಲಿ 12 ಬಂದ ಮೇಲೆ ಮಾತ್ರ ಕಾಲಿನ ವ್ಯಾಯಾಮಕ್ಕೆ 2.5 ಕೆಜಿ, ಕೈಯದಕ್ಕೆ 1 ಕೆಜಿ ಏರಿಸಿ. ಸ್ನಾಯು ವಾರಗಳಲ್ಲಿ ಬಲಿಯುತ್ತದೆ, ಅದನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜು ತಿಂಗಳುಗಳನ್ನು ಕೇಳುತ್ತದೆ. ಮೂರನೇ ತಿಂಗಳಲ್ಲಿ ಮೊಣಕೈ, ಮೊಣಕಾಲು ಕೆಳಗೆ ನೋವು ಶುರುವಾಗುವುದು ಈ ಅಂತರದಿಂದ. ಬರೆದಿಡಲು ಒಂದು ನೋಟ್‌ಬುಕ್ ಸಾಕು: ಎತ್ತಿದ ಭಾರ, ವಾರದ ಸರಾಸರಿ ತೂಕ, ಹದಿನೈದು ದಿನಕ್ಕೊಮ್ಮೆ ಸೊಂಟ ಮತ್ತು ತೊಡೆಯ ಅಳತೆ. ಭಾರ ಏರುತ್ತಿದ್ದು ಸೊಂಟ ಇದ್ದಲ್ಲೇ ಇದ್ದರೆ ದಾರಿ ಸರಿ. ತೂಕ ಏರಿ ತೊಡೆ ಇಳಿದರೆ ನಿಲ್ಲಿಸಿ ವೈದ್ಯರನ್ನು ನೋಡಿ.

ಜೋಲುವ ಚರ್ಮದ ಹೆದರಿಕೆಯನ್ನೂ ಮಾರುತ್ತಾರೆ. ತೋಳು, ತೊಡೆ ಬೆಳೆದರೆ ಅಲ್ಲಿ ಸ್ವಲ್ಪ ತುಂಬಿಕೊಳ್ಳುತ್ತದೆ, ಹೊಟ್ಟೆಯದ್ದನ್ನು ಯಾವ ಪುಡಿಯೂ ಬಿಗಿ ಮಾಡುವುದಿಲ್ಲ.

ಕೊಳ್ಳಲೇಬೇಕೆಂದರೆ ಎರಡು ವಸ್ತು: ವೇ ಪ್ರೋಟೀನ್ ಮತ್ತು ಕ್ರಿಯಾಟಿನ್ ಮೋನೋಹೈಡ್ರೇಟ್, ಎರಡನೆಯದು ದಿನಕ್ಕೆ 3–5 ಗ್ರಾಂ. ಇದು ತೆಗೆದುಕೊಳ್ಳುವವರ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರಿ ಕಾಣಬಹುದು, ಪರೀಕ್ಷೆಗೆ ಮುಂಚೆ ವೈದ್ಯರಿಗೆ ಹೇಳಿ. ಡಬ್ಬಿಯಲ್ಲಿ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ನಂಬರ್, ಬ್ಯಾಚ್, ತಯಾರಕರ ವಿಳಾಸ, ಮುರಿಯದ ಸೀಲ್ ಇರಲೇಬೇಕು. ಪ್ರೋಟೀನ್ ಹೆಸರಲ್ಲಿ ಗ್ಲೈಸಿನ್, ಟಾರಿನ್ ಸುರಿದಿದ್ದರೆ ಬೇಡ. ಅವು ಅಗ್ಗದ ಅಮೈನೋ ಆಮ್ಲಗಳು, ಪ್ರೋಟೀನ್ ಅಳೆಯುವ ಪರೀಕ್ಷೆಯಲ್ಲಿ ನೈಟ್ರೋಜನ್ ಅಂಕಿ ಏರಿಸುತ್ತವೆ ಅಷ್ಟೆ. ಆಹಾರ ಪೂರಕಗಳಿಗೆ ಹಾರ್ಮೋನು, ಸ್ಟೆರಾಯ್ಡ್ ಸೇರಿಸುವುದನ್ನು ಎಫ್‌ಎಸ್‌ಎಸ್‌ಎಐ ನಿಯಮವೇ ನಿಷೇಧಿಸಿದೆ. ಬಿಡಿ ಮಾತ್ರೆ ಕೊಟ್ಟವರ ಮೇಲೆ ಔಷಧ ನಿಯಂತ್ರಣ ಅಧಿಕಾರಿಗೆ, ಪುಡಿಯ ಬಗ್ಗೆ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಬಹುದು.

ಈಗಾಗಲೇ ಇಂಥ ಮಾತ್ರೆ ತಿಂದು ವೈದ್ಯರ ಕೈಯಲ್ಲಿ ಇಳಿಸಿಕೊಳ್ಳುತ್ತಿರುವವರಿಗೆ ತೊಡೆಯ ಬಲ ವಾಪಸ್ ಬರಲು ತಿಂಗಳುಗಳು ಹಿಡಿಯುತ್ತವೆ, ಬರುವುದಂತೂ ಬರುತ್ತದೆ. ಎತ್ತರದ ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳುವುದರಿಂದ ಶುರು ಮಾಡಿ, ಬಾರ್‌ಬೆಲ್ ಆಮೇಲೆ. ಅಡ್ರಿನಲ್ ಚೇತರಿಸಿಕೊಳ್ಳಲು ಒಂದು ವರ್ಷದವರೆಗೂ ಹಿಡಿಯಬಹುದು. ಅಷ್ಟರೊಳಗೆ ಜೋರು ಜ್ವರ, ಅಪಘಾತ, ಹಲ್ಲು ಕೀಳಿಸುವುದು, ಆಪರೇಷನ್ ಏನೇ ಬಂದರೂ “ಇಷ್ಟು ತಿಂಗಳು ಡೆಕ್ಸಾಮೆಥಾಸೋನ್ ತಗೊಂಡಿದ್ದೆ” ಎಂದು ಮೊದಲೇ ಹೇಳಿ, ಮನೆಯವರಿಗೂ ಗೊತ್ತಿರಲಿ, ಒಂದು ಚೀಟಿ ಬರೆದು ಪರ್ಸಿನಲ್ಲಿಡಿ.