ಬಣ್ಣದ ದೀಪದ ಸ್ಟೀಮರ್ ಕೊಳ್ಳುವ ಮುನ್ನ ಇದನ್ನು ಓದಿ

ನೆಗಡಿ, ಕಫಕ್ಕೆ ಹಬೆ ತೆಗೆದುಕೊಳ್ಳಲು ಮೇಜಿನ ಮೇಲಿಡುವ ಸ್ಟೀಮರ್ ಹುಡುಕಿಕೊಂಡು ಹುಬ್ಬಳ್ಳಿಯ ಪೇಟೆಗೆ ಹೋಗುವವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಏಳು ಬಣ್ಣದ ದೀಪ, ಬಂಗಾರದ ಅಂಚು, ಟಚ್ ಗುಂಡಿ, ಪಾರದರ್ಶಕ ಬಟ್ಟಲು ಇರುವ ‘ಡಿಲಕ್ಸ್’ ಮಾದರಿಯೊಂದನ್ನು 1,850 ರೂಪಾಯಿಗೆ ನನ್ನ ತಲೆಗೆ ಕಟ್ಟಿದರು. ಅದೇ ಕಪಾಟಿನಲ್ಲಿ ಬಿಳಿ ಪ್ಲಾಸ್ಟಿಕ್ಕಿನ ಸಾದಾ ಸ್ಟೀಮರ್ 450ಕ್ಕೆ ಇತ್ತು.

ಅಂಗಡಿಯವರು ಡಿಲಕ್ಸ್ ಅನ್ನು ಕತ್ತಲೆಯ ಮೂಲೆಯಲ್ಲಿಟ್ಟು ನೀಲಿ ದೀಪ ಹೊತ್ತಿಸಿ, “ಸಾದಾದ್ರಾಗ ಇಷ್ಟ್ ಉಗಿ ಎಲ್ಲಿ ಬರತೈತ್ರೀ, ನೀವ ನೋಡ್ರಿ” ಎಂದರು. ಹಬೆ ನಿಜಕ್ಕೂ ದಟ್ಟವಾಗಿ ಕಂಡಿತು. ಕಾಣದೆ ಏನು ಮಾಡೀತು? ತಣಿದ ಹಬೆಯ ಸಣ್ಣ ಹನಿಗಳ ಮೇಲೆ ಬೆಳಕು ಬಿದ್ದು ಚದುರಿದರೆ ತೆಳ್ಳಗಿನ ಹಬೆಯೂ ಮೋಡದಂತೆ ಕಾಣುತ್ತದೆ. ಮನೆಗೆ ತಂದು ಅಡಿಯ ಚೀಟಿ ಓದಿದಾಗ 400 ವ್ಯಾಟ್ ಎಂದಿತ್ತು. ನೆರೆಮನೆಯಲ್ಲಿದ್ದ ಅದೇ ಸಾದಾ ಮಾದರಿಯ ಮೇಲೂ 400 ವ್ಯಾಟ್ ಎಂದೇ ಇತ್ತು. ಕುದಿಯುವ ಒಂದು ಗ್ರಾಂ ನೀರು ಹಬೆಯಾಗಲು ಸುಮಾರು 2,260 ಜೂಲ್ ಶಾಖ ಬೇಕು, 400 ವ್ಯಾಟಿನ ಹೀಟರ್ ನಿಮಿಷಕ್ಕೆ ಕೊಡುವುದು 24,000 ಜೂಲ್. ಅಂದಮೇಲೆ ಅಂಚಿಗೆ ಬಂಗಾರವಿರಲಿ, ಬೆಳ್ಳಿಯಿರಲಿ, ನಿಮಿಷಕ್ಕೆ ಹತ್ತು ಗ್ರಾಂ ಚಿಲ್ಲರೆಗಿಂತ ಹೆಚ್ಚು ಹಬೆ ಹುಟ್ಟುವುದು ಸಾಧ್ಯವೇ ಇಲ್ಲ.

ಇಷ್ಟೇ ಆಗಿದ್ದರೆ ಹಣ ಹೋಯಿತೆಂದು ಸುಮ್ಮನಿರುತ್ತಿದ್ದೆ. ಕೊಳ್ಳುವಾಗ ನಾನು ಬಿಡಿಸಿ ಕೇಳಿದ ಪ್ರಶ್ನೆ ಒಂದೇ: ನೀರು ಮುಗಿದರೆ ಏನಾಗುತ್ತದೆ? “ತಾನ ಬಂದ್ ಆಗತೈತ್ರೀ, ಚಿಂತೀ ಮಾಡಬ್ಯಾಡ್ರಿ” ಎಂಬ ಉತ್ತರ ಬಂತು. ಅವ್ವ ಹಬೆ ತೆಗೆದುಕೊಂಡು ಒಳಗೆ ಹೋಗಿದ್ದಳು, ದೀಪ ಆರಿತ್ತು, ಯಂತ್ರವೂ ಬಂದ್ ಆಗಿದೆ ಎಂದುಕೊಂಡೆವು. ಸ್ವಲ್ಪ ಹೊತ್ತಿಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಮನೆಯನ್ನೆಲ್ಲ ತುಂಬಿತು. ಆರಿದ್ದು ದೀಪ ಮಾತ್ರ, ದೀಪ ಮಾತ್ರ! ಒಣ ಬಟ್ಟಲಿನ ಕೆಳಗೆ ಹೀಟರ್ ಕಾಯುತ್ತಲೇ ಇತ್ತು. ನೆರೆಮನೆಯ 450 ರೂಪಾಯಿಯ ಸ್ಟೀಮರಿನಲ್ಲಿ ಮಾತ್ರ, ನೀರು ಮುಗಿದು ಶಾಖ ಏರಿದೊಡನೆ ವಿದ್ಯುತ್ ತಡೆಯುವ ಥರ್ಮೋಸ್ಟಾಟ್ ಇದೆ.

ಅಂಗಡಿಗೆ ಒಯ್ದಾಗ ಬಂದ ಉತ್ತರ ಕೇಳಿ: “ಬಂದ್ ಆಗತೈತಿ ಅಂದದ್ದು ಲೈಟಿಗ್ರೀ.” ಗಿರಾಕಿಗಳ ಎದುರೇ ನಕ್ಕು ಹೇಳಿದ ಮಾತಿದು. ಮಾಲೀಕರದು ಇನ್ನೂ ಒಂದು ಕೈ ಮೇಲು: “ಏಳೂ ಬಣ್ಣ ಹತ್ತತಾವಲ್ರೀ, ಮತ್ತ ಮಾಲ್ ಎಲ್ಲಿ ಕೆಟ್ಟೈತಿ?” ಅವ್ವನ ಕಫ ಕರಗಬೇಕೆಂದು ಕೊಂಡ ವಸ್ತುವಿಗೆ ದೀಪದ ಲೆಕ್ಕ ಹೇಳಿದ ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಬಳಿಕ ‘ಮಾರಿದ ಮಾಲು ವಾಪಸ್ ಇಲ್ಲ’ ಎಂಬ ಗೋಡೆಯ ಫಲಕದ ಕಡೆ ಬೆರಳು ತೋರಿಸಿದರು.

ಅಲಂಕಾರಗಳಲ್ಲಿ ಪಾರದರ್ಶಕ ಬಟ್ಟಲು ಮಾತ್ರ ಉಪಯೋಗದ್ದು, ನೀರೆಷ್ಟಿದೆ ಎಂದು ಕಾಣುತ್ತದೆ. ನಮ್ಮ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ಅದೂ ಬೇಗ ಮಬ್ಬಾಯಿತು ಎನ್ನುವುದು ಬೇರೆ ಮಾತು.

ಕೊಳ್ಳುವವರು ಮೊದಲು ದೀಪ ಆರಿಸಲು ಹೇಳಿ, ಬೆಳಕಿನಲ್ಲಿ ಹಬೆ ನೋಡಿ, ವ್ಯಾಟ್ ಓದಿ, ನೀರು ಮುಗಿಯುವವರೆಗೆ ಅಲ್ಲೇ ನಿಲ್ಲಿ. ಅವರಿಗೆ ಬೇಸರವಾದರೆ ಆಗಲಿ, ನನಗಾದಷ್ಟು ಆಗಲಾರದು. ಬಿಲ್ ಬಿಡಬೇಡಿ. ಬಿಲ್ಲಿನಲ್ಲಿ ಬೇರೆ ಅವಧಿ ಬರೆದಿರದಿದ್ದರೆ, ದೋಷವಿರುವ ವಸ್ತುವನ್ನು 30 ದಿನಗಳೊಳಗೆ ಹಿಂಪಡೆದು ಹಣ ಮರಳಿಸಲು ಒಪ್ಪದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಗೋಡೆಯ ಫಲಕ ಅದನ್ನು ಅಳಿಸಲಾರದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅದರಿಂದಾಗದಿದ್ದರೆ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.