ಬಡ್ತಿಯ ಅಹವಾಲು ಟೈಪ್ ಮಾಡಿಸಿದ ಡಿಟಿಪಿ ಅಂಗಡಿ: ಜಗತ್ ವೃತ್ತದ ಹತ್ತಿರ, ಕಲಬುರಗಿ

ಕಲಬುರಗಿಯಲ್ಲಿ ಝೆರಾಕ್ಸ್ ಅಂಗಡಿಗೇನು ಬರವಿಲ್ಲ. ಆದರೆ ಕೊಟ್ಟ ಕಾಗದವನ್ನು ಓದಿ, ಇದು ಯಾರ ಮೇಜಿಗೆ ಹೋಗುತ್ತದೆ ಎಂದು ಕೇಳಿ ಟೈಪ್ ಮಾಡುವವರು ಬೇಕಿದ್ದರೆ ಜಗತ್ ವೃತ್ತದಿಂದ ಸೂಪರ್ ಮಾರ್ಕೆಟ್ ಕಡೆ ಹೋಗುವ ಹಾದಿಯ ಈ ಅಂಗಡಿಗೆ ಹೋಗಿ. ಎರಡು ಕಂಪ್ಯೂಟರ್, ಒಂದು ದೊಡ್ಡ ಸ್ಕ್ಯಾನರ್, ಕೀಬೋರ್ಡ್ ಮುಂದೆ ಒಬ್ಬ ಹೆಣ್ಣುಮಗಳು. ಅಂಗಡಿ ನಡೆಸುವುದೂ ಅವಳೇ.

ನಾನು ಒಯ್ದಿದ್ದ ಕೆಲಸ ಏನೆಂದು ಹೇಳದೆ ಈ ಅಂಗಡಿಯ ಬೆಲೆ ತಿಳಿಯುವುದಿಲ್ಲ. ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ನಾನು ಉಪಸಂಪಾದಕಿ. ಪರಿಶಿಷ್ಟ ಜಾತಿಯವರಾದ ನಾವು ಮೂವರು ಸೇರಿ ಆಡಳಿತ ಮಂಡಳಿಗೆ ಅಹವಾಲು ಕೊಡಬೇಕಿತ್ತು. ನನ್ನ ಪಕ್ಕದಲ್ಲಿ ಕೂತು ಪುಟ ಕಟ್ಟುವುದನ್ನು ಕಲಿತವರು ಹಿರಿಯ ಉಪಸಂಪಾದಕರಾದರು, ನಾನು ಇದ್ದಲ್ಲೇ ಇದ್ದೇನೆ. ವರದಿಗಾರ ಗೆಳೆಯನಿಗೆ ಸಿಗುವುದು ಹಾಸ್ಟೆಲ್ ಊಟ, ಅಂಬೇಡ್ಕರ್ ಜಯಂತಿ, ಸ್ಮಶಾನದ ಜಾಗದ ಜಗಳ. ರಾಜಕೀಯ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ, ಇವೆಲ್ಲ ಬೇರೆಯವರಿಗೆ. ಮೂರನೆಯವನು ಇವತ್ತಿಗೂ ತಾಲ್ಲೂಕಿನ ಸ್ಟ್ರಿಂಗರ್, ಅಚ್ಚಾದ ಸುದ್ದಿಗಷ್ಟೇ ದುಡ್ಡು. ಕೇಳಿದರೆ ಮೆರಿಟ್ ಅನ್ನುತ್ತಾರೆ. ಮೀಸಲಾತಿಯಾಗಲಿ, ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯಾಗಲಿ ಖಾಸಗಿ ಪತ್ರಿಕೆಯ ಬಡ್ತಿಗೆ ಬರುವುದಿಲ್ಲ. ನಮ್ಮ ಕೈಯಲ್ಲಿ ಇದ್ದದ್ದು ಹಳೆಯ ಕಾಗದಗಳ ಒಂದು ಚೀಲ.

ನಮ್ಮ ಮೊದಲ ಕರಡಿನಲ್ಲಿ ನೋವು ತುಂಬಿತ್ತು. ಅದನ್ನು ಪೂರ್ತಿ ಓದಿ ಆಕೆ ಅಂದಳು: “ಅಕ್ಕಾ, ಯಾವಾಗ್ಲೂ ಅನ್ಯಾಯ ಆಗ್ಯದ ಅಂದ್ರ ಅವರು ಏನಂತ ಉತ್ತರ ಕೊಡ್ಬೇಕು? ಯಾವ ತಾರೀಖಿಗೆ ಯಾರಿಗೆ ಬಡ್ತಿ ಕೊಟ್ರು, ಅವರು ಸೇರಿದ್ದು ಯಾವಾಗ, ನೀವು ಸೇರಿದ್ದು ಯಾವಾಗ, ಅದು ಹೇಳ್ರಿ.” ನಾವು ಹೇಳುತ್ತ ಹೋದೆವು, ಆಕೆ ಕೋಷ್ಟಕ ಹಾಕುತ್ತ ಹೋದಳು. ಒಂದೊಂದು ಸಾಲಿಗೂ ಒಂದು ಅನುಬಂಧದ ಸಂಖ್ಯೆ, ಆ ಸಂಖ್ಯೆಯ ಕಾಗದ ಹಿಂದೆ.

ನ್ಯೂಯಾರ್ಕಿನ ಡೇಲಿ ನ್ಯೂಸ್ ಮೊಕದ್ದಮೆಯ ಬಗ್ಗೆ ನಾನು ಒಂದು ಪುಟ ಬರೆದುಕೊಂಡು ಹೋಗಿದ್ದೆ. ಡೇವಿಡ್ ಹಾರ್ಡಿ ಮತ್ತು ಇನ್ನೂ ಮೂವರು ಕಪ್ಪು ಜನಾಂಗದ ಪತ್ರಕರ್ತರು ತಮ್ಮ ಪತ್ರಿಕೆಯನ್ನೇ ಕೋರ್ಟಿಗೆ ಎಳೆದಿದ್ದರು. ಬಣ್ಣ ನೋಡಿ ಬಡ್ತಿ, ಸಂಬಳ, ಒಳ್ಳೆಯ ಕೆಲಸ ತಪ್ಪಿಸಿದರು, ದೂರಿದ್ದಕ್ಕೆ ಸೇಡು ತೀರಿಸಿಕೊಂಡರು ಎಂಬುದು ಅವರ ವಾದ. 1987ರಲ್ಲಿ ಜ್ಯೂರಿ ಘಟನೆಗಳನ್ನು ಬೇರೆಬೇರೆಯಾಗಿ ತೂಗಿ, ಕೆಲವನ್ನು ಒಪ್ಪಿ ಕೆಲವನ್ನು ಬಿಟ್ಟು, ತಾರತಮ್ಯ ನಡೆದದ್ದು ನಿಜ ಎಂದಿತು. ಆಮೇಲೆ ಪತ್ರಿಕೆ 31 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ಅದಕ್ಕೂ ಮೊದಲು, 1972ರಲ್ಲಿ, ವಾಷಿಂಗ್ಟನ್ ಪೋಸ್ಟಿನ ಏಳು ಮಂದಿ ಕಪ್ಪು ವರದಿಗಾರರು ಸಮಾನ ಉದ್ಯೋಗಾವಕಾಶ ಆಯೋಗಕ್ಕೆ ದೂರು ಕೊಟ್ಟಿದ್ದರು. ಅವರಿಗೆ 1964ರ ನಾಗರಿಕ ಹಕ್ಕು ಕಾಯ್ದೆಯ ಬಲ ಇತ್ತು, ಅದು ಖಾಸಗಿ ಕಂಪನಿಗಳಿಗೂ ಅನ್ವಯಿಸುತ್ತದೆ. ಅಂಥ ಕಾಯ್ದೆ ನಮಗೂ ಬೇಕು. ನಮ್ಮಲ್ಲಿ ಆಕ್ಸ್‌ಫಾಮ್ ಸಂಸ್ಥೆ ಮತ್ತು ನ್ಯೂಸ್‌ಲಾಂಡ್ರಿ ಸುದ್ದಿತಾಣದ 2019ರ ವರದಿ ಸುದ್ದಿಮನೆಗಳ 121 ಮುಖ್ಯ ಹುದ್ದೆಗಳನ್ನು ನೋಡಿದಾಗ 106ರಲ್ಲಿ ಮೇಲ್ಜಾತಿಯವರೇ ಇದ್ದರು, ದಲಿತರು, ಆದಿವಾಸಿಗಳು ಒಬ್ಬರೂ ಇರಲಿಲ್ಲ.

ಆ ಪುಟವನ್ನು ಆಕೆ ಮುಂದೆ ಹಾಕದೆ ಕೊನೆಯ ಅನುಬಂಧವಾಗಿ ಇಟ್ಟಳು. ಓದುವವರು ಮೊದಲು ಇಲ್ಲಿಯ ತಾರೀಖು ನೋಡಲಿ, ಅಮೆರಿಕದ್ದು ಆಮೇಲೆ ಅಂತ. ಸರಿಯಾದ ಮಾತು. ನ್ಯೂಯಾರ್ಕಿನಲ್ಲೂ ಕೆಲಸಕ್ಕೆ ಬಂದದ್ದು ಹಾಗೆ ಬಿಡಿಬಿಡಿಯಾಗಿ ಇಟ್ಟ ಘಟನೆಗಳೇ.

ಅಕ್ಷರದ ಕೆಲಸ ನೋಡಿ ನನ್ನಂಥ ಡೆಸ್ಕಿನವಳಿಗೂ ಸಂತೋಷವಾಯಿತು. ನಮ್ಮ ಹಳೆಯ ಪತ್ರಗಳು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದವು. ಯೂನಿಕೋಡಿಗೆ ಬದಲಿಸಿದರೆ ಅರ್ಕಾವತ್ತು ಕೆಡುತ್ತದೆ, ‘ವರ್ಗ’ ಹೋಗಿ ‘ವಗರ್’ ಆಗುತ್ತದೆ. ಬೇರೆ ಕಡೆ ಹಾಗೇ ಪ್ರಿಂಟ್ ತೆಗೆದು ಕೈಗೆ ಕೊಡುತ್ತಾರೆ. ಈಕೆ ಪರದೆಯ ಮೇಲೆ ಬೆರಳಿಟ್ಟು ಸಾಲುಸಾಲು ತಿದ್ದಿದಳು. ಹಳದಿ ತಿರುಗಿದ ಪತ್ರಿಕೆಯ ತುಣುಕುಗಳನ್ನು ಕಪ್ಪು-ಬಿಳುಪಿಗೆ ಹಾಕದೆ ಬೂದು ಛಾಯೆಯಲ್ಲೇ ಸ್ಕ್ಯಾನ್ ಮಾಡಿದ್ದರಿಂದ ಮಡಿಕೆ ಬಿದ್ದ ಜಾಗದಲ್ಲೂ ಬೈಲೈನ್, ಅಂದರೆ ಸುದ್ದಿ ಬರೆದವರ ಹೆಸರು, ಓದಲು ಬಂತು. ಗೆಳೆಯ ಬರೆದ ಸುದ್ದಿ ಇನ್ನೊಬ್ಬರ ಹೆಸರಿನಲ್ಲಿ ಅಚ್ಚಾದ ಒಂದು ತುಣುಕು ಅದರಲ್ಲಿತ್ತು. ಅವನು ಕಳಿಸಿದ ಮೂಲ ಇಮೇಲನ್ನು ಆಕೆ ಅದೇ ಹಾಳೆಯ ಎಡಕ್ಕೆ ಇಟ್ಟಳು, ಅಚ್ಚಾದದ್ದನ್ನು ಬಲಕ್ಕೆ. ಆ ಹಾಳೆ ನೋಡಿ ಗೆಳೆಯ ಬಹಳ ಹೊತ್ತು ಮಾತಾಡಲಿಲ್ಲ.

ಕೊರತೆಯನ್ನೂ ಹೇಳಬೇಕು. ಪರದೆ ರಸ್ತೆಯ ಕಡೆ ಮುಖ ಮಾಡಿದೆ. ಜಾತಿ ಪ್ರಮಾಣಪತ್ರ, ಸಂಬಳದ ಚೀಟಿ, ಮೇಲಿನವರ ಹೆಸರು, ಎಲ್ಲ ನಿಂತವರ ಕಣ್ಣಿಗೆ ಬೀಳುತ್ತದೆ. ಪತ್ರಿಕೆಯವರೂ ಓಡಾಡುವ ಜಾಗ ಅದು. ಕೊನೆಗೆ ಅರ್ಧ ಶಟರ್ ಎಳೆಸಿ ಕೆಲಸ ಮಾಡಿಸಿದೆವು. ಬೇಸಿಗೆಯಲ್ಲಿ ಅದು ಕುದಿಯುವ ಹಂಡೆ. ಆ ಮೇಜನ್ನು ತಿರುಗಿಸಿ ಇಡಲೇಬೇಕು. ಫೈಲನ್ನು ವಾಟ್ಸ್‌ಆಪ್‌ನಲ್ಲಿ ಕಳಿಸಬೇಡಿ, ಅಂಗಡಿಯ ಫೋನಿನಲ್ಲಿ ಉಳಿಯುತ್ತದೆ. ಪೆನ್‌ಡ್ರೈವ್ ಒಯ್ಯಿರಿ, ಮುಗಿದ ಮೇಲೆ ಡೆಸ್ಕ್‌ಟಾಪ್ ಮತ್ತು ರೀಸೈಕಲ್ ಬಿನ್ ಎರಡನ್ನೂ ನಿಮ್ಮೆದುರೇ ಅಳಿಸಲು ಹೇಳಿ. ಹೇಳಿದರೆ ಬೇಜಾರಿಲ್ಲದೆ ಅಳಿಸುತ್ತಾಳೆ. ಕರೆಂಟ್ ಹೋದರೆ ಸ್ಕ್ಯಾನರ್ ನಿಲ್ಲುತ್ತದೆ.

ದರ ಸುತ್ತಲಿನವರಿಗಿಂತ ತುಸು ಹೆಚ್ಚು. ತಿದ್ದುಪಡಿಗೆ ಮಾತ್ರ ಬೇರೆ ಹಣ ಕೇಳುವುದಿಲ್ಲ, ಮತ್ತೆ ಮತ್ತೆ ಹೋದರೂ ಮುಖ ಗಂಟು ಹಾಕುವುದಿಲ್ಲ. ಸ್ಪೈರಲ್ ಬೈಂಡಿಂಗ್ ಬೇಡ ಅಂದಳು, ಹಾಳೆ ಕಿತ್ತರೆ ಗೊತ್ತಾಗುವುದಿಲ್ಲವಂತೆ. ದಾರದಲ್ಲಿ ಹೊಲಿದು ಪುಟಸಂಖ್ಯೆ ಒತ್ತಿಕೊಟ್ಟಳು. ಕೇಳದೆಯೇ ಒಂದು ಪ್ರತಿ ಹೆಚ್ಚಿಗೆ ತೆಗೆದು, ಅದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳದೆ ಆಫೀಸಿನಿಂದ ಹೊರಗೆ ಬರಬೇಡಿ ಅಂತ ಹೇಳಿದಳು. ಹಾಕಿಸಿಕೊಂಡೆವು. ಮ್ಯಾನೇಜರ್ ಮೊದಲು ಪುಟ ತಿರುವಿದ್ದು ಕೋಷ್ಟಕಕ್ಕೆ. ಉತ್ತರ ಇನ್ನೂ ಬಂದಿಲ್ಲ, ಕಾಯುತ್ತಿದ್ದೇವೆ. ಭಾನುವಾರ ಅಂಗಡಿ ರಜೆ. ದೊಡ್ಡ ಕೆಲಸವಿದ್ದರೆ ಬೆಳಿಗ್ಗೆ ಬೇಗ ಹೋಗಿ, ಹನ್ನೊಂದರ ಮೇಲೆ ಆನ್‌ಲೈನ್ ಅರ್ಜಿಯ ಹುಡುಗರ ಸಾಲು ಇರುತ್ತದೆ.