ಅಪ್ಪ ಅವ್ವನ ಜೊತೆ ದೇವರಾಯನದುರ್ಗ: ನಮ್ಮ ಸ್ಟ್ಯಾಂಡಿನ ಟ್ಯಾಕ್ಸಿ ಹೇಗಿತ್ತು?

ಊರಿಂದ ಬಂದ ಹಿರಿಯರನ್ನು ತುಮಕೂರಿನ ಸುತ್ತ ಒಂದು ದಿನ ಸುತ್ತಾಡಿಸಬೇಕು ಅಂತಿದ್ದರೆ ನಿಮ್ಮ ಬಡಾವಣೆಯ ಟ್ಯಾಕ್ಸಿ ಸ್ಟ್ಯಾಂಡಿಗೆ ಹೋಗಿ ಮಾತಾಡಿ. ನಾವು ಹಾಗೇ ಮಾಡಿದೆವು. ಬೆಳಿಗ್ಗೆ ಸಿದ್ಧಗಂಗಾ ಮಠ, ಆಮೇಲೆ ನಾಮದ ಚಿಲುಮೆ, ಅಲ್ಲಿಂದ ದೇವರಾಯನದುರ್ಗ. ಕಾರು ಎರ್ಟಿಗಾ. 8 ಗಂಟೆ, 80 ಕಿ.ಮೀ. ಪ್ಯಾಕೇಜು. ಡ್ರೈವರ್ ಬಾಟಾ (ಅವರ ದಿನದ ಭತ್ಯೆ) ಸೇರಿ 2,600 ರೂಪಾಯಿ ಕೊಟ್ಟೆವು.

ದುಡ್ಡಿನ ವಿಷಯ ಮೊದಲೇ ಬಿಡಿಸಿ ಹೇಳ್ತೀನಿ. ಬಾಡಿಗೆ ಕಾರಿನವರ ಲೆಕ್ಕ ಎರಡು ಥರ. ಔಟ್‌ಸ್ಟೇಷನ್ ಅಂದರೆ ಕಿಲೋಮೀಟರಿಗೆ ಇಷ್ಟು ಅಂತ ದರ, ಆದರೆ ಕಡಿಮೆ ಓಡಿದರೂ ದಿನಕ್ಕೆ 250 ಅಥವಾ 300 ಕಿ.ಮೀ.ಗೆ ದುಡ್ಡು ಕೊಡಲೇಬೇಕು. ಲೋಕಲ್ ಪ್ಯಾಕೇಜ್ ಅಂದರೆ ಗಂಟೆ ಇಷ್ಟು, ಕಿಲೋಮೀಟರ್ ಇಷ್ಟು, ಅದರ ಮೇಲೆ ಹೋದರೆ ಮಾತ್ರ ಹೆಚ್ಚಿನ ಹಣ. ದೇವರಾಯನದುರ್ಗ ಊರಿಂದ ಸುಮಾರು 15 ಕಿ.ಮೀ. ಮಠ, ಚಿಲುಮೆ ಎಲ್ಲ ಸೇರಿಸಿದರೂ 80 ದಾಟಲ್ಲ. ಆದರೂ ಬೆಟ್ಟ ಅಂದ ಕೂಡಲೇ ಔಟ್‌ಸ್ಟೇಷನ್ ದರ ಹೇಳುವವರಿದ್ದಾರೆ. ಹೋದ ದೀಪಾವಳಿಗೆ ಬೇರೊಂದು ಕಡೆ ಬುಕ್ ಮಾಡಿದಾಗ ನಮಗೆ ಹೀಗೇ ಆಗಿತ್ತು. ಅದರ ಮೇಲೆ ವೇಟಿಂಗ್ ಚಾರ್ಜ್ ಬೇರೆ. ಅಪ್ಪ ದೇವರ ಮುಂದೆ ಕೈಮುಗಿದು ನಿಂತಿದ್ದರೆ ಆ ಡ್ರೈವರ್ ಫೋನ್ ಮಾಡಿ ‘ಎಷ್ಟೊತ್ತಾಗುತ್ತೆ ಮೇಡಂ’ ಅಂತ ಕೇಳ್ತಿದ್ದ. ಅಪ್ಪನಿಗೆ ಅದು ಬಹಳ ಬೇಜಾರಾಗಿತ್ತು.

ಅಪ್ಪ ಅವ್ವ ಗದಗ ಜಿಲ್ಲೆ ರೋಣ ತಾಲ್ಲೂಕಿನವರು. ಎರಿ ಹೊಲದಲ್ಲೇ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲೇ, ದುಡಿದ ಜೀವಗಳು. ಅವ್ವನಿಗೆ ಮಂಡಿ ನೋವು. ಅದಕ್ಕೇ ಈ ಸಲ ಕಾರಿನ ಎತ್ತರದ ಬಗ್ಗೆ ಜಾಸ್ತಿ ಯೋಚಿಸಿದೆ. ಡಿಸೈರ್ ಥರದ ಕಾರಿನ ಸೀಟು ತಗ್ಗು. ಕೂರೋದು ಸುಲಭ, ಏಳೋದು ಕಷ್ಟ. ಇನ್ನೋವಾ ಹತ್ತಬೇಕಾದರೆ ಕಾಲು ಮೇಲೆತ್ತಿ ಇಡಬೇಕು. ಎರ್ಟಿಗಾ, ವ್ಯಾಗನ್ಆರ್ ಎತ್ತರ ಅವ್ವನಿಗೆ ಸರಿಹೋಗುತ್ತೆ. ಸೀಟಿನ ಅಂಚಿಗೆ ಕೂತು ಎರಡೂ ಕಾಲು ಒಟ್ಟಿಗೆ ಒಳಗೆ ತಿರುಗಿಸಿಕೊಂಡರೆ ಮುಗೀತು. ಎರ್ಟಿಗಾದ ಹಿಂದಿನ ಸಾಲಿಗೆ ಮಾತ್ರ ವಯಸ್ಸಾದವರನ್ನು ಕಳಿಸಲೇಬೇಡಿ.

ಮಠದಲ್ಲಿ ಒಂದೂವರೆ ಗಂಟೆ ಆಯ್ತು. ಶಿವಕುಮಾರ ಸ್ವಾಮೀಜಿಯವರ ಗದ್ದುಗೆ ನೋಡಬೇಕು ಅಂತಲೇ ಅವ್ವ ರೋಣದಿಂದ ಬಂದಿದ್ದು. 2019ರ ಜನವರಿಯಲ್ಲಿ ಸ್ವಾಮೀಜಿ ಲಿಂಗೈಕ್ಯರಾದಾಗ ನಮ್ಮೂರಿಂದ ಜನ ಹೊರಟಿದ್ದರು. ಅವ್ವನಿಗೆ ಆಗ ಬರೋಕೆ ಆಗಿರಲಿಲ್ಲ. ಗದ್ದುಗೆ ಮುಂದೆ ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಿದ್ದಳು. ಅಲ್ಲಿ ಓದುವ ಸಾವಿರಾರು ಮಕ್ಕಳಿಗೆ ಊಟ, ವಸತಿ, ವಿದ್ಯೆ ಎಲ್ಲ ಉಚಿತ ಅಂತ ಅವಳಿಗೆ ಗೊತ್ತಿತ್ತು. ಆದರೂ ಸಾಲಾಗಿ ಹೋಗುತ್ತಿದ್ದ ಹುಡುಗರನ್ನು ಕಂಡು ಅವಳಿಗೆ ತಡೆಯಲಾಗಲಿಲ್ಲ. ‘ಎಲ್ಲಾರೂ ನಮ್ಮ ಕಡೆ ಹುಡುಗ್ರಂಗ ಕಾಣಸ್ತಾವಲ್ಲ ಬೇ’ ಅಂದಳು. ಒಬ್ಬ ಹುಡುಗನನ್ನು ನಿಲ್ಲಿಸಿ ಕೇಳಿಯೂ ಬಿಟ್ಟಳು. ಅವನು ಯಾದಗಿರಿ ಕಡೆಯವನು. ಆಮೇಲೆ ಊರು, ಮಳೆ, ತಂದೆ ತಾಯಿ ಅಂತ ಮಾತು ಮುಗಿಯಲೇ ಇಲ್ಲ. ಇಷ್ಟು ಹೊತ್ತೂ ಡ್ರೈವರ್ ಕಾರಿನ ಹತ್ತಿರವೇ ಇದ್ದರು. ನಾವು ಬಂದ ಕೂಡಲೇ ಬಾಗಿಲು ತೆಗೆದು, ‘ನಿಧಾನಕ್ಕೆ ಹತ್ತಿ ಅಮ್ಮ, ಅರ್ಜೆಂಟಿಲ್ಲ’ ಅಂದರು. ಈ ಒಂದು ಮಾತಿಗೆ ನಾನು ಆ ಸ್ಟ್ಯಾಂಡಿಗೆ ಪೂರ್ತಿ ಅಂಕ ಕೊಡ್ತೀನಿ.

ತಿಂಡಿಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ. ಅಪ್ಪನಿಗೆ ಒಂದಕ್ಕೇ ಹೊಟ್ಟೆ ತುಂಬಿತು.

ನಾಮದ ಚಿಲುಮೆ ಹಿರಿಯರಿಗೆ ಹೇಳಿ ಮಾಡಿಸಿದ ಜಾಗ. ನೆರಳು ಚೆನ್ನಾಗಿದೆ, ಜಾಸ್ತಿ ನಡೆಯೋದೂ ಇಲ್ಲ. ವನವಾಸದಲ್ಲಿದ್ದ ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಸಿಗದೆ ಬಂಡೆಗೆ ಬಾಣ ಬಿಟ್ಟ, ಆಗ ಚಿಮ್ಮಿದ್ದೇ ಈ ಚಿಲುಮೆ ಅಂತ ಕಥೆ. ಕಲ್ಲಿನೊಳಗಿಂದ ಬರುವ ನೀರು ನೋಡಿ ಅಪ್ಪ ಅಲ್ಲೇ ಕೂತುಬಿಟ್ಟರು. ನಮ್ಮೂರಲ್ಲಿ ಬೋರು ಎಷ್ಟು ಆಳ ಇಳಿಸಿದರೂ ಸಿಹಿನೀರಿನ ಖಾತ್ರಿ ಇಲ್ಲ. ಪಕ್ಕದಲ್ಲೇ ಬೇಲಿಯೊಳಗೆ ಜಿಂಕೆಗಳಿವೆ. ಅವ್ವ ಅವನ್ನು ನೋಡುತ್ತಾ ಮಂಡಿ ನೋವನ್ನೇ ಮರೆತಳು.

ಅಪ್ಪ ‘ಈ ನೀರು ಯಾವ ಕಡೆ ಹರಿತೈತಿ?’ ಅಂತ ಕೇಳಿದರು. ನನಗಿಂತ ಮುಂಚೆ ಡ್ರೈವರ್ ಬಾಯಿಬಿಟ್ಟರು. ಅವರದು ಕೊರಟಗೆರೆ ಕಡೆಯ ಊರು. ಜಯಮಂಗಲಿ ನದಿ ಹುಟ್ಟುವುದು ಇದೇ ದೇವರಾಯನದುರ್ಗದ ಬೆಟ್ಟಗಳಲ್ಲಿ. ಕೊರಟಗೆರೆ, ಮಧುಗಿರಿ ಕಡೆ ಹರಿದು, ಆಂಧ್ರಕ್ಕೆ ಹೋಗುವ ಉತ್ತರ ಪಿನಾಕಿನಿ ಸೇರುತ್ತೆ. ಶಿಂಷಾ ಹುಟ್ಟುವುದೂ ಇದೇ ಬೆಟ್ಟಸಾಲಿನಲ್ಲಿ, ಅದು ಹೋಗೋದು ಕಾವೇರಿಗೆ. ಒಂದೇ ಬೆಟ್ಟದ ಮಳೆ ಅರ್ಧ ಆಂಧ್ರಕ್ಕೆ, ಅರ್ಧ ಕಾವೇರಿಗೆ. ಇದನ್ನು ಕೇಳಿದ ಮೇಲೆ ಅಪ್ಪನಿಗೆ ಹುರುಪು ಬಂತು. ದಾರಿಯುದ್ದಕ್ಕೂ ಮುಂದಿನ ಸೀಟಿನಲ್ಲಿ ಕೂತು ಹುಣಸೆ, ರಾಗಿ, ಶೇಂಗಾ ಬೆಲೆ ಅಂತ ಇಬ್ಬರದೂ ಒಂದೇ ಮಾತು.

ದೇವರಾಯನದುರ್ಗ ಸುಮಾರು 3,900 ಅಡಿ ಎತ್ತರ. ಭೋಗ ನರಸಿಂಹನ ಗುಡಿ ಕೆಳಗೆ ಇದೆ, ಯೋಗ ನರಸಿಂಹನ ಗುಡಿ ಮೇಲೆ. ಮೊದಲು ಕೆಳಗಿನ ಗುಡಿಯಲ್ಲೇ ನೆಮ್ಮದಿಯಾಗಿ ದರ್ಶನ ಮುಗಿಸಿ. ಅಲ್ಲಿಂದ ಕಾರಿನಲ್ಲೇ ಸಾಕಷ್ಟು ಮೇಲೆ ಹೋಗಬಹುದು, ಆಮೇಲೆ ಮೆಟ್ಟಿಲು. ಅವ್ವ ಮೆಟ್ಟಿಲು ಹತ್ತಲಿಲ್ಲ. ಕಟ್ಟೆ ಮೇಲೆ ಕೂತು ಕೆಳಗಿನ ಕಾಡು, ಹೆಬ್ಬಂಡೆಗಳನ್ನು ನೋಡಿದಳು. ಗಾಳಿ ಹಿತವಾಗಿತ್ತು. ಗುಡಿವರೆಗೂ ಹೋಗಿಬಂದ ನಮಗಿಂತ ಅವಳೇ ಹೆಚ್ಚು ಸುಖವಾಗಿದ್ದಳು ಅಂತ ನನಗನಿಸಿತು. ಮಂಗಗಳ ಕಾಟ ಇದೆ. ‘ಅಮ್ಮ, ಬಾಳೆಹಣ್ಣಿನ ಕವರ್ ಕಾರಲ್ಲೇ ಇರಲಿ’ ಅಂತ ಡ್ರೈವರ್ ಮೊದಲೇ ಎಚ್ಚರಿಸಿದ್ದರಿಂದ ನಮಗೆ ತೊಂದರೆ ಆಗಲಿಲ್ಲ. ತಿರುವುಗಳಲ್ಲಿ ಅವರು ಓಡಿಸಿದ ರೀತಿಯೂ ಇಷ್ಟವಾಯ್ತು. ಅವ್ವನಿಗೆ ತಲೆ ಸುತ್ತುತ್ತೆ ಅಂತ ಹೇಳಿದ್ದೆ. ಎರಡನೇ ಗೇರಿನಲ್ಲೇ ನಿಧಾನಕ್ಕೆ ಹತ್ತಿಸಿ, ಹಾಗೇ ಇಳಿಸಿದರು.

ಸರಿಹೋಗದ್ದು ಎರಡು. ಸೀಟಿನ ಮೇಲೆ ನುಣ್ಣನೆ ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು. ತಿರುವು ಬಂದಾಗಲೆಲ್ಲ ಅವ್ವ ಜಾರುತ್ತಿದ್ದಳು. ಕೊನೆಗೆ ಟವೆಲ್ ಹಾಸಿದೆವು. ಹಿರಿಯರನ್ನು ಕೂರಿಸುವ ಕಾರಿಗೆ ಬಟ್ಟೆ ಹೊದಿಕೆ ಬೇಕೇ ಬೇಕು, ಸ್ಟ್ಯಾಂಡಿನವರಿಗೂ ಹೇಳಿದ್ದೇನೆ. ಇನ್ನೊಂದು, ರಸೀದಿ ತಾವಾಗಿ ಕೊಡಲಿಲ್ಲ. ಕೇಳಿದ ಮೇಲೆ ಬರೆದುಕೊಟ್ಟರು. ಹೊರಡುವ ಮುಂಚೆ ಮೀಟರ್ ಫೋಟೋ ತೆಗೆದುಕೊಳ್ಳಿ, ವಾಪಸ್ ಬಂದ ಮೇಲೆ ಮಾತಿಗೆ ಮಾತು ಬರಲ್ಲ. ನಮ್ಮದು 61 ಕಿ.ಮೀ. ಆಗಿತ್ತು.

ಶ್ರಾವಣದಲ್ಲಿ ಅಪ್ಪ ಅವ್ವ ಮತ್ತೆ ಬರ್ತಾರೆ. ಅವ್ವನಿಗೆ ಯಡಿಯೂರು ಸಿದ್ಧಲಿಂಗೇಶ್ವರನ ದರ್ಶನ ಆಗಬೇಕು. ಆ ಸಿದ್ಧಲಿಂಗೇಶ್ವರನ ಪರಂಪರೆಯದೇ ಆದ ಗದಗಿನ ತೋಂಟದಾರ್ಯ ಮಠಕ್ಕೆ ನಡೆದುಕೊಳ್ಳುವ ಮನೆ ನಮ್ಮದು, ಯಡಿಯೂರು ಬಿಟ್ಟರೆ ಹೇಗೆ ಅಲ್ವಾ? ಅದು ಕುಣಿಗಲ್ ತಾಲ್ಲೂಕು, ಹೋಗಿಬರುವಾಗ 80 ಕಿ.ಮೀ. ದಾಟುತ್ತೆ. ಪ್ಯಾಕೇಜಿನ ಮೇಲಿನ ಕಿಲೋಮೀಟರಿಗೆ ಎಷ್ಟು ಅಂತ ಈಗಲೇ ಕೇಳಿಟ್ಟಿದ್ದೇನೆ. ಅದೇ ಡ್ರೈವರ್ ಬರ್ತಾರಾ ಅಂತ ಅಪ್ಪ ಮೊನ್ನೆ ಫೋನಿನಲ್ಲಿ ವಿಚಾರಿಸಿದರು.